ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಡಿಸಿಯೋ, ಎಸ್‌ಪಿಯೋ?

ಕಣದಲ್ಲಿ ಒಣಹಾಕಿದ್ದ ಕಾಫಿ ಕಳುವಾಗಿದೆ, ಸಕಲೇಶಪುರದಲ್ಲಿ ದೂರು ತಗೊಳ್ಳಲಿಲ್ಲ, ಹಾಸನಕ್ಕೆ ಹೋಗಿ ಡಿಸಿಗೆ ಅರ್ಜಿ ಕೊಡಲೇ ಅಂತ ಕೇಳಿದ್ದೀರಿ. ಬೇಡ ಸರ್. ಡಿಸಿ ಜಿಲ್ಲಾ ದಂಡಾಧಿಕಾರಿ ಹೌದು, ಆದರೆ ಎಫ್‌ಐಆರ್ ದಾಖಲಿಸುವುದು ಪೊಲೀಸರ ಕೆಲಸ. ಅರ್ಜಿ ಷರಾ ಹೊತ್ತು ಎಸ್‌ಪಿ ಕಚೇರಿಗೇ ಹೋಗುತ್ತದೆ, ದಿನ ವ್ಯರ್ಥ.

ಪೊಲೀಸರ ಸಾಲೇ ಬೇರೆ: ಠಾಣಾಧಿಕಾರಿ, ಮೇಲೆ ಡಿವೈಎಸ್‌ಪಿ, ಎಸ್‌ಪಿ, ಆಮೇಲೆ ಮೈಸೂರಿನ ದಕ್ಷಿಣ ವಲಯ ಐಜಿಪಿ. (ಚಿಕ್ಕಮಗಳೂರಿನವರಿಗೆ ಮಂಗಳೂರಿನ ಪಶ್ಚಿಮ ವಲಯ.)

ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 173(4)ರ ಪ್ರಕಾರ ದೂರನ್ನು ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ಡ್ ಮಾಡಿ, ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು; ಆಗ ಅಫಿಡವಿಟ್ಟು ಜೊತೆಗೆ ಈ ರಸೀದಿಯೂ ಬೇಕಾಗುತ್ತದೆ.

ಬಹಳ ಜನ ಎಡವುವುದು ದೂರಿನ ಒಕ್ಕಣೆಯಲ್ಲಿ. 'ಸ್ವಲ್ಪ ಕಾಫಿ ಹೋಗಿದೆ' ಅಂತ ಬರೆಯಬೇಡಿ. ಎಷ್ಟು ಮೂಟೆ, ಎಷ್ಟು ಕೆಜಿ, ಅರೇಬಿಕಾನೋ ರೊಬಸ್ಟಾನೋ, ಅವತ್ತಿನ ದರದಲ್ಲಿ ಬೆಲೆ ಎಷ್ಟು, ಎಲ್ಲ ನಮೂದಿಸಿ. ಸಾಮಾನ್ಯ ಕಳವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಕೋರ್ಟಿನ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲ. ಎಫ್‌ಐಆರ್ ಆದ ಮೇಲೆ ಪ್ರತಿ ಕೇಳಿ ತಗೊಳ್ಳಿ, ಅದು ಉಚಿತ.