ಬ್ಯಾಂಕಿನ ಚೆಕ್ಕಿಗೂ ಚದುರಂಗದ ಚೆಕ್ಕಿಗೂ ಏನು ನಂಟು?

ಪ್ರಶ್ನೆ: ಬ್ಯಾಂಕಿನ ಚೆಕ್, ಚದುರಂಗದಲ್ಲಿ ರಾಜನಿಗೆ ಕೊಡುವ ಚೆಕ್, ಚೆಕ್ಸ್ ಅಂಗಿ, ಚೆಕ್‌ಪೋಸ್ಟ್, ಚೆಕ್ ಡ್ಯಾಂ – ಇವೆಲ್ಲ ಒಂದೇ ಪದವೇ, ಇಲ್ಲವೇ ಉಚ್ಚಾರದಲ್ಲಿ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೇ? ಒಂದೇ ಆಗಿದ್ದರೆ ಬ್ಯಾಂಕಿನ ಚೆಕ್ಕಿಗೆ ಇಂಗ್ಲಿಷಿನಲ್ಲಿ ಬೇರೆ ಕಾಗುಣಿತವೇಕೆ?

ಉತ್ತರ: ನೀವು ಹೆಸರಿಸಿದ ಎಲ್ಲವೂ ಒಂದೇ ಪದದ ಕವಲುಗಳು, ಮತ್ತು ಅವುಗಳ ಮೂಲ ಚದುರಂಗದ ಆಟದಲ್ಲಿದೆ. ಭಾರತದ ಚತುರಂಗವು ಪರ್ಷಿಯಾದಲ್ಲಿ ‘ಚತ್ರಂಗ್’ ಎನಿಸಿ, ಅರಬರಲ್ಲಿ ‘ಶತ್ರಂಜ್’ ಆಗಿ, ಅವರ ಮೂಲಕ ಯುರೋಪನ್ನು ತಲುಪಿತು. ಎದುರಾಳಿಯ ರಾಜನಿಗೆ ಅಪಾಯ ಒದಗಿದಾಗ ‘ಷಾ’, ಅಂದರೆ ‘ರಾಜ’, ಎಂದು ಕೂಗಿ ಎಚ್ಚರಿಸುವ ಪರ್ಷಿಯನ್ನರ ರೂಢಿಯೂ ಆಟದ ಜೊತೆಗೇ ಪ್ರಯಾಣ ಮಾಡಿತು. ಆ ಕೂಗೇ ಮಧ್ಯಯುಗದ ಲ್ಯಾಟಿನ್ನಿನಲ್ಲೂ ಹಳೆಯ ಫ್ರೆಂಚಿನಲ್ಲೂ ರೂಪ ಬದಲಿಸುತ್ತ 14ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನ ‘ಚೆಕ್’ ಆಗಿತ್ತು. ‘ಚೆಸ್’ ಎಂಬ ಹೆಸರು ಕೂಡ ಅದೇ ಫ್ರೆಂಚ್ ಪದದ ಬಹುವಚನದಿಂದ ಬಂದದ್ದು. ಇನ್ನೂ ಹಿಂದಕ್ಕೆ ಹೋದರೆ ‘ಷಾ’ ಪದದ ಪೂರ್ವರೂಪವಾದ ‘ಖ್ಷಾಯಥಿಯ’ ಹಳೆಯ ಪರ್ಷಿಯನ್ ಶಾಸನಗಳಲ್ಲಿ ಅರಸರ ಬಿರುದಾಗಿ ಕಾಣಿಸುತ್ತದೆ. ಆಳುವಿಕೆಯನ್ನು ಸೂಚಿಸುವ ಅದರ ಧಾತುವಿಗೆ ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ ಪದಗಳು ಹತ್ತಿರದ ಬಂಧುಗಳು. ನಮಗೆ ತೀರ ಪರಕೀಯವೆನಿಸುವ ಪದವೊಂದು ಇಷ್ಟು ಸಮೀಪದ ನೆಂಟನಾಗಿರುವುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇಂಗ್ಲಿಷಿಗೆ ಬಂದ ಮೇಲೆ ಅರ್ಥ ಎರಡು ದಾರಿ ಹಿಡಿಯಿತು. ರಾಜನಿಗೆ ಚೆಕ್ ಬಿದ್ದೊಡನೆ ಆಟಗಾರ ತನ್ನ ಹಂಚಿಕೆಯನ್ನೆಲ್ಲ ಬದಿಗಿಟ್ಟು ಅದನ್ನೇ ಮೊದಲು ನಿವಾರಿಸಬೇಕಾಗುತ್ತದೆ. ಆದ್ದರಿಂದ ‘ತಡೆ’, ‘ಅಂಕೆ’ ಎಂಬ ಅರ್ಥಗಳು ಮೂಡಿದವು. ಹಳ್ಳದ ನೀರಿನ ಓಟವನ್ನು ತಡೆಯುವ ಚೆಕ್ ಡ್ಯಾಂ ಈ ಅರ್ಥದ್ದು. ತಪ್ಪು ನಡೆಯದಂತೆ ಅಂಕೆಯಲ್ಲಿಡಲು ಪರಿಶೀಲನೆ ಬೇಕಾದ್ದರಿಂದ ‘ಸರಿನೋಡು’ ಎಂಬ ಅರ್ಥ ಅದರಿಂದ ಬೆಳೆಯಿತು. ಚೆಕ್‌ಪೋಸ್ಟ್‌ನಲ್ಲಿ ವಾಹನವನ್ನು ನಿಲ್ಲಿಸುವುದೂ ಉಂಟು, ಕಾಗದಪತ್ರ ನೋಡುವುದೂ ಉಂಟು. ಎರಡು ಅರ್ಥಗಳೂ ಅಲ್ಲಿ ಒಟ್ಟಿಗೆ ಉಳಿದಿವೆ.

ಎರಡನೆಯ ದಾರಿ ಆಟದ ಮಣೆಯದು. ಮಣೆಯ ಚೌಕಗಳನ್ನು ಹೋಲುವ ಬಟ್ಟೆಯ ವಿನ್ಯಾಸ ‘ಚೆಕ್ಸ್’ ಆಯಿತು. ಚದುರಂಗದ ಮಣೆಗೆ ಹಳೆಯ ಫ್ರೆಂಚಿನಲ್ಲಿದ್ದ ಹೆಸರೇ ಇಂಗ್ಲೆಂಡಿನ ರಾಜಬೊಕ್ಕಸಕ್ಕೆ ‘ಎಕ್ಸ್‌ಚೆಕರ್’ ಎಂಬ ಹೆಸರನ್ನು ತಂದಿತು. ಅದರ ಕಾರಣವನ್ನು 12ನೆಯ ಶತಮಾನದಲ್ಲಿ ಎರಡನೆಯ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಸ್ವತಃ ಬರೆದಿಟ್ಟಿದ್ದಾನೆ. ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜಿನ ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ ಹಾಸಿ, ಗೆರೆಗಳ ನಡುವೆ ಬಿಲ್ಲೆಗಳನ್ನಿಟ್ಟು ಪೌಂಡು, ಶಿಲ್ಲಿಂಗು, ಪೆನ್ನಿಗಳ ಲೆಕ್ಕ ಹಾಕುತ್ತಿದ್ದರು. ಮೇಜು ಚದುರಂಗದ ಮಣೆಯಂತೆ ಕಾಣುತ್ತಿತ್ತೆಂಬುದು ಆತ ಕೊಡುವ ಒಂದು ಕಾರಣವಾದರೆ, ಲೆಕ್ಕ ಒಪ್ಪಿಸಲು ಬಂದ ಷೆರಿಫನಿಗೂ ಖಜಾಂಚಿಗೂ ಅಲ್ಲಿ ಚದುರಂಗದಂಥ ಹೋರಾಟವೇ ನಡೆಯುತ್ತಿತ್ತೆಂಬುದು ಇನ್ನೊಂದು. ಬ್ರಿಟನ್ನಿನ ಹಣಕಾಸು ಸಚಿವರನ್ನು ಇಂದಿಗೂ ‘ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್’ ಎಂದೇ ಕರೆಯುತ್ತಾರೆ.

ಇನ್ನು ಕಾಗುಣಿತದ ಮಾತು. ಬ್ಯಾಂಕಿನ ಚೆಕ್ ಹಣದ ವಿಷಯವಾದ್ದರಿಂದ ಎಕ್ಸ್‌ಚೆಕರ್‌ನಿಂದಲೇ ನೇರವಾಗಿ ಬಂದಿರಬೇಕೆಂದು ಅನೇಕರು ಭಾವಿಸುತ್ತಾರೆ, ಅದು ಸರಿಯಲ್ಲ. ಹಣ ಪಡೆಯುವ ಚೀಟಿಯನ್ನು ಹರಿದು ಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ತುಂಡಿಗೆ, ಅಂದರೆ ಕೌಂಟರ್‌ಫಾಯಿಲ್‌ಗೆ, 18ನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂಬ ಹೆಸರಿತ್ತು. ಚೀಟಿಯನ್ನು ತಿದ್ದಿ ಮೋಸ ಮಾಡಿದರೆ ಆ ತುಂಡಿನೊಡನೆ ತಾಳೆ ನೋಡಿ ಪತ್ತೆ ಹಚ್ಚಬಹುದಿತ್ತು. ಕ್ರಮೇಣ ಹೆಸರು ಚೀಟಿಗೇ ಅಂಟಿಕೊಂಡಿತು. ಹೀಗಾಗಿ ಬ್ಯಾಂಕಿನ ಚೆಕ್ ಅರ್ಥದಲ್ಲಿ ‘ಸರಿನೋಡು’ ಕವಲಿಗೆ ಸೇರಿದ್ದು. ‘ಕ್ಯು-ಯು-ಇ’ ಎಂದು ಮುಗಿಯುವ ಬರವಣಿಗೆ ಮಾತ್ರ ಎಕ್ಸ್‌ಚೆಕರ್‌ನ ಪ್ರಭಾವದಿಂದ ಬಂದದ್ದು. ಅಮೆರಿಕನ್ನರು ‘ಸಿ-ಕೆ’ ಎಂದು ಮುಗಿಸುವ ರೂಪವನ್ನೇ ಉಳಿಸಿಕೊಂಡಿದ್ದಾರೆ. ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿರುವುದು ಬ್ರಿಟಿಷ್ ಕಾಗುಣಿತವಾದ್ದರಿಂದ ನಮ್ಮ ಬ್ಯಾಂಕುಗಳಲ್ಲೂ ಅದೇ ನಡೆದುಬಂದಿದೆ.

ಈ ಕುಟುಂಬಕ್ಕೆ ಸೇರದ ಎರಡು ಪದಗಳನ್ನೂ ಹೇಳಬೇಕು. ಚೆಕ್ ಗಣರಾಜ್ಯದ ಹೆಸರಿನಲ್ಲಿರುವುದು ಒಂದು ಸ್ಲಾವಿಕ್ ಜನಾಂಗದ ಹೆಸರು. ಜಮೀನಿನ ಕ್ರಯಪತ್ರಗಳಲ್ಲಿ ನಾಲ್ಕು ಎಲ್ಲೆಗಳನ್ನು ಸೂಚಿಸುವ ‘ಚೆಕ್ಕುಬಂದಿ’ಗೂ ಇಂಗ್ಲಿಷಿನ ಚೆಕ್ಕಿಗೂ ಸಂಬಂಧವಿಲ್ಲ, ಅದು ಭೂಮಿಯ ತುಂಡು ಎಂಬ ಅರ್ಥದ ಹಿಂದೂಸ್ತಾನಿಯ ‘ಚಕ್’ ಪದದಿಂದ ಬಂದದ್ದು, ಹಾಗಾಗಿಯೇ ಅದನ್ನು ‘ಚಕ್ಕುಬಂದಿ’ ಎಂದು ಬರೆಯುವವರೂ ಇದ್ದಾರೆ.