ಕ್ರಾಸ್ ಅಂದ್ರೆ ಸಿಟ್ಟಾ, ರಸ್ತೆನಾ?

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ: “ಮೊಮ್ಮಗಳು ಎರಡನೇ ಕ್ಲಾಸು. ಅವಳ ಇಂಗ್ಲಿಷ್ ಪಾಠದಲ್ಲಿ ಅಜ್ಜಿ ‘ಕ್ರಾಸ್’ ಆಗಿದ್ದಳು ಅಂತ ಬಂತು. ಸಿಟ್ಟಾಗಿದ್ದಳು ಅಂತ ಅರ್ಥ ಹೇಳಿಕೊಟ್ಟೆ. ‘ಹಾಗಾದ್ರೆ ನಮ್ಮ ಕ್ರಾಸಿಗೆ ಯಾರ ಮೇಲೆ ಸಿಟ್ಟು, ತಾತಾ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇವೆರಡೂ ಒಂದೇ ಪದವೇ? ಇನ್ನೊಂದು ವಿಷಯ. ಗೇಟಿಗೆ ಹೊಸ ಬೋರ್ಡು ಬರೆಸುತ್ತಿದ್ದೇನೆ. ‘ಕ್ರಾಸ್’ ಅಂತ ಬರೆಸಲೋ, ‘ಅಡ್ಡರಸ್ತೆ’ ಅಂತಲೋ? ಅಡ್ಡರಸ್ತೆ ಅನ್ನೋದು ಸುಮ್ನೆ ಅನುವಾದ ಮಾಡಿದ ಪದ ಅಂತ ನನ್ನ ಮಗನ ವಾದ.”

ಸಂಪಾದಕರ ಉತ್ತರ

ಎರಡೂ ಒಂದೇ ಪದ. ಆದರೆ ರಸ್ತೆಯಿಂದ ಸಿಟ್ಟಿಗೆ ಹೋಗಲು ಸ್ವಲ್ಪ ಸುತ್ತಬೇಕು.

ಮೂಲ ಪದ ಲ್ಯಾಟಿನ್ನಿನ ‘ಕ್ರುಕ್ಸ್’. ರೋಮನ್ನರು ಮರಣದಂಡನೆಗೆ ಬಳಸುತ್ತಿದ್ದ ಮರದ ಕಂಬಕ್ಕೆ ಆ ಹೆಸರು. ಕ್ರೈಸ್ತ ಧರ್ಮದ ಜೊತೆ ಅದು ಐರ್ಲೆಂಡಿಗೆ ಹೋಯಿತು. ಅಲ್ಲಿಂದ ವೈಕಿಂಗರ ಬಾಯಿಗೆ ಬಿತ್ತು, ಅವರ ಮೂಲಕ ಉತ್ತರ ಇಂಗ್ಲೆಂಡಿಗೆ ಬಂತು. ಇಂಗ್ಲಿಷರ ಬಳಿ ಅದಕ್ಕೂ ಮೊದಲೇ ಶಿಲುಬೆಗೆ ‘ರೂಡ್’ ಅನ್ನೋ ಸ್ವಂತ ಪದ ಇತ್ತು. ಬಂದ ನೆಂಟ ಮನೆಯವರನ್ನೇ ಮೂಲೆಗೆ ಕೂರಿಸಿದ.

ಶಿಲುಬೆಯಲ್ಲಿ ಎರಡು ಮರ ಇರುತ್ತವೆ. ಒಂದು ನೆಟ್ಟಗೆ, ಇನ್ನೊಂದು ಅಡ್ಡಕ್ಕೆ. ಕಾಲ ಕಳೆದಂತೆ ಪದ ಆ ಅಡ್ಡ ಮರಕ್ಕೇ ಜಾಸ್ತಿ ಅಂಟಿಕೊಂಡಿತು. ಯಾವುದು ಅಡ್ಡ ಇದ್ದರೂ ಕ್ರಾಸ್. ಹಾಯಿ ಹಡಗಿನ ಕಾಲದಲ್ಲಿ ಗಾಳಿ ದಾರಿಗೆ ಅಡ್ಡ ಬೀಸಿದರೆ ಅದೂ ‘ಕ್ರಾಸ್’. ಆಮೇಲೆ ಹೇಳಿದ್ದಕ್ಕೆಲ್ಲ ಅಡ್ಡ ಮಾತಾಡುವ ಮನುಷ್ಯನೂ ‘ಕ್ರಾಸ್’ ಆದ. ಹಾಗೆ ಮಾತಾಡುವವರು ಮುಖ ಗಂಟಿಕ್ಕಿಕೊಂಡಿರುತ್ತಾರೆ, ಅಲ್ವಾ? 17ನೇ ಶತಮಾನದ ಹೊತ್ತಿಗೆ ಸಿಟ್ಟಿನ ಅರ್ಥ ಗಟ್ಟಿಯಾಯಿತು. ಪಾಠದ ಅಜ್ಜಿ ಅಲ್ಲಿಂದ ಬಂದವಳು.

ಈಗ ಕನ್ನಡ ನೋಡಿ. ನಮ್ಮ ‘ಅಡ್ಡ’ ಯಾರ ಸಹಾಯವೂ ಇಲ್ಲದೆ ಇದೇ ದಾರಿ ನಡೆದಿದೆ. ಬೆಕ್ಕು ಅಡ್ಡ ಬಂತು. ಕೆಲಸಕ್ಕೆ ಅಡ್ಡಿ ಆಯಿತು. ಹುಡುಗ ಅಡ್ಡದಾರಿ ಹಿಡಿದ. ದೊಡ್ಡವರ ಮಾತಿಗೆ ಅಡ್ಡಡ್ಡ ಮಾತಾಡಬೇಡ. ಹೌದೂ ಅನ್ನದೆ ಇಲ್ಲವೂ ಅನ್ನದೆ ಜಾರಿಕೊಳ್ಳುವವರ ಮಾತು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಇಂಗ್ಲಿಷಿನಲ್ಲಿ ಇಲ್ಲದ ಒಂದು ತಿರುವೂ ನಮ್ಮಲ್ಲಿದೆ. ದೇವರ ಮುಂದೆ ಅಡ್ಡ ಬೀಳುತ್ತೇವೆ. ನನಗೆ ತುಂಬಾ ಇಷ್ಟವಾದ ಬಳಕೆ ಅದು. ತಡೆಯುವ ಪದವೇ ಅಲ್ಲಿ ಶರಣಾಗುವ ಪದ.

ನಿಮ್ಮ ಬಡಾವಣೆಯಲ್ಲೇ ಇದನ್ನು ಕಣ್ಣಾರೆ ನೋಡಬಹುದು. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರು ನೆಲೆಸಿದ ಜಾಗ ಅದು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಉದ್ದಕ್ಕೆ ಹೋಗುತ್ತವೆ, ಕ್ರಾಸುಗಳು ಅವಕ್ಕೆ ಅಡ್ಡಕ್ಕೆ. ಮೊಮ್ಮಗಳನ್ನು ಒಂದು ಸಂಜೆ 8ನೇ ಕ್ರಾಸಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಹೂವಿನವರ ಹತ್ತಿರ ಸಂಪಿಗೆ ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿ. ಎದುರಿಗೆ ಆಟೋ, ಬಸ್ಸು ಓಡುತ್ತಿರುತ್ತವೆ. ಅವಳು ನಿಂತ ಬೀದಿ ಆ ಓಟಕ್ಕೆ ಅಡ್ಡ ಇದೆ. ಬೀದಿಗೆ ಯಾರ ಮೇಲೂ ಸಿಟ್ಟಿಲ್ಲ.

ಊರಾಚೆ ಹೋದರೆ ಅರ್ಥ ಸ್ವಲ್ಪ ಹೊರಳುತ್ತದೆ. ಹೆದ್ದಾರಿಯಿಂದ ಹಳ್ಳಿಗೆ ದಾರಿ ಒಡೆಯುವ ಜಾಗವೇ ಅಲ್ಲಿ ಕ್ರಾಸು. “ಕ್ರಾಸಲ್ಲಿ ಇಳ್ಕೊಳ್ಳಿ, ಒಳಗೆ ಬಸ್ಸು ಹೋಗಲ್ಲ” ಅಂತಾರೆ ಕಂಡಕ್ಟರು. ಇಂಥ ಜಾಗದಲ್ಲಿ ದಾರಿ ತೋರಿಸಲು ನೆಡುವ ಕಂಬಕ್ಕೆ ಕನ್ನಡದಲ್ಲಿ ‘ಕೈಮರ’ ಅನ್ನುತ್ತೇವೆ. ಚಿಕ್ಕಮಗಳೂರಿನ ಹತ್ತಿರ ಅದೇ ಹೆಸರಿನ ಜಾಗವೂ ಇದೆ. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1620ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಎರಡು ವಿವರಣೆಗಳಲ್ಲಿ ಯಾವುದು ಸರಿ ಅಂತ ತೀರ್ಮಾನ ಮಾಡಿಕೊಡುವ ನಿದರ್ಶನವನ್ನು ಇಂಥ ಕಂಬಕ್ಕೇ ಹೋಲಿಸಿದ. ಅದಕ್ಕೆ ಅವನು ಬಳಸಿದ ಪದ ಕ್ರುಕ್ಸ್. ನಾವು ದಿನಾ ಪೇಪರಿನಲ್ಲಿ, ಟಿ.ವಿ.ಯಲ್ಲಿ ನೋಡುವ ‘ಕ್ರೂಷಿಯಲ್’ ಪದದ ‘ನಿರ್ಣಾಯಕ’ ಅನ್ನೋ ಅರ್ಥ ಆ ಕೈಮರದಿಂದ ಬಂದದ್ದು.

ಚೆಕ್ಕನ್ನು ಕ್ರಾಸ್ ಮಾಡೋದೂ ಇದೇ ಲೆಕ್ಕ. ಎಡ ಮೂಲೆಯಲ್ಲಿ ಎರಡು ಓರೆ ಗೆರೆ ಎಳೆಯುತ್ತೇವೆ. ಒಂದು ಇನ್ನೊಂದನ್ನು ಮುಟ್ಟುವುದೇ ಇಲ್ಲ. ಆದರೂ ಹೆಸರು ಕ್ರಾಸ್, ಯಾಕೆಂದರೆ ಗೆರೆಗಳು ಚೆಕ್ಕಿನ ಮೇಲೆ ಅಡ್ಡ ಹೋಗುತ್ತವೆ. ಕೌಂಟರಿನಲ್ಲಿ ನಗದು ಕೊಡೋದಕ್ಕೂ ಅಡ್ಡ ಬರುತ್ತವೆ.

ಇನ್ನು ನಿಮ್ಮ ಬೋರ್ಡಿನ ವಿಷಯ. ಮಗನಿಗೆ ಹೇಳಿ, ‘ಅಡ್ಡರಸ್ತೆ’ ಇಂಗ್ಲಿಷ್ ನೋಡಿಕೊಂಡು ಮಾಡಿದ ಪದವೇ ಇರಬಹುದು. ಆದರೆ ಅದರೊಳಗಿನ ‘ಅಡ್ಡ’ ನಮ್ಮದು, ಅನುವಾದದಲ್ಲಿ ಹುಟ್ಟಿದ್ದಲ್ಲ. ಆಡುಮಾತಿನ ಕ್ರಾಸ್ ಬಗ್ಗೆ ನನಗೆ ತಕರಾರಿಲ್ಲ. ತರಕಾರಿಯವರು, ಪೋಸ್ಟ್‌ಮ್ಯಾನ್, ನಾವು ನೀವು ಎಲ್ಲರೂ ಬೆಳಗಿನಿಂದ ರಾತ್ರಿವರೆಗೆ ಅದನ್ನೇ ಆಡುತ್ತೇವೆ, ಅದೂ ಈಗ ಕನ್ನಡವೇ. ಬರಹದಲ್ಲಿ ಮಾತ್ರ ಅಡ್ಡರಸ್ತೆ ಉಳಿಯಬೇಕು ಅಂತ ನನ್ನ ಆಸೆ. ಬೀದಿ ಬೋರ್ಡು, ಗೇಟಿನ ಬೋರ್ಡು ಬಿಟ್ಟರೆ ಆ ಪದಕ್ಕೆ ಬೇರೆ ಜಾಗ ಇಲ್ಲ. ಅಲ್ಲಿಂದಲೂ ಎಬ್ಬಿಸಿದರೆ ಅದು ಎಲ್ಲಿಗೆ ಹೋಗಬೇಕು? ಪೇಂಟರಿಗೆ ‘ಅಡ್ಡರಸ್ತೆ’ ಅಂತಲೇ ಬರೆದುಕೊಡಿ, ‘ಡ’ಗೆ ಒತ್ತು ಬಿಡದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.