ಬೆಳ್ಳಕ್ಕಿ ಬರೀ ಬಿಳಿ ಮುದ್ದೆಯಾಗಿ ಬರುತ್ತಿದ್ದರೆ

ಗದ್ದೆಯ ಬೆಳ್ಳಕ್ಕಿ ಫೋಟೋದಲ್ಲಿ ಗರಿಯೇ ಕಾಣದೆ ಬಿಳಿ ಮುದ್ದೆಯಾಗುತ್ತಿದ್ದರೆ, ಅದು ಬಹುಶಃ ಲೆನ್ಸಿನ ತಪ್ಪಲ್ಲ. ಸುತ್ತಲಿನ ಕಪ್ಪು ಕೆಸರು, ಹಸಿರು ಪೈರು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿಬಿಡುತ್ತದೆ. ಮೊದಲು ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಳಿಸಿ ಒಂದು ಫೋಟೋ ತೆಗೆದು, ಝೂಮ್ ಮಾಡಿ ಬೆನ್ನಿನ ಗರಿಗಳ ಎಳೆ ಕಾಣುತ್ತದಾ ನೋಡಿ, ಕಾಣದಿದ್ದರೆ ಇನ್ನೂ ಸ್ವಲ್ಪ ಇಳಿಸಿ. ಬಿಸಿಲಿಗೆ ತಕ್ಕಂತೆ ಇದು ಬದಲಾಗುತ್ತದೆ, ಎಲ್ಲ ಹೊತ್ತಿಗೂ ಒಂದೇ ನಂಬರ್ ಹೇಳಲು ಆಗುವುದಿಲ್ಲ. ಮೊಬೈಲ್ ಆದರೆ ಹಕ್ಕಿಯ ಮೇಲೆ ಒತ್ತಿ, ಪಕ್ಕದಲ್ಲಿ ಸೂರ್ಯನ ಗುರುತು ಬಂದರೆ ಅದನ್ನು ಕೆಳಗೆ ಎಳೆಯಿರಿ. ಆಮೇಲೆ, ಬೆಳಗ್ಗೆ ಬೇಗ ಹೋಗಿ, ಸೂರ್ಯ ನಿಮ್ಮ ಬೆನ್ನಿಗಿರಲಿ; ಮಧ್ಯಾಹ್ನ ಸುಮ್ನೆ ದಣಿವು. ಹಕ್ಕಿಯನ್ನು ಬೆನ್ನಟ್ಟಬೇಡಿ. ನೀವು ಬದುವಿನ ಮೇಲೆ ಕೂತುಬಿಟ್ಟರೆ ಹುಳ ಹುಡುಕುತ್ತಾ ಅದೇ ಹತ್ತಿರ ಬರುವುದುಂಟು. ಕತ್ತು ಉದ್ದ ಮಾಡಿ ನಿಂತರೆ ಗಾಬರಿಯಾಗಿದೆ ಅಂತ, ಆಗ ಅಲ್ಲಾಡಬೇಡಿ.